ವೇಷವೂ ಕಸುಬೂ

1966ರ ಮೇ ಒಂದರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಲಿನಲ್ಲಿ ಒಂದು ಕೂಟ ನಡೆಯಿತು. ಆಕೆ ಮಧ್ಯಯುಗದ ಅಧ್ಯಯನದಲ್ಲಿ ತೊಡಗಿದ್ದವರು, ಮುಂದೆ ಕಾದಂಬರಿಗಳನ್ನು ಬರೆದು ಹೆಸರು ಮಾಡಿದವರು. ಬಂದ ಗೆಳೆಯರು ಹಳೆಯ ಯುರೋಪಿನ ಉಡುಪು ತೊಟ್ಟು, ಕತ್ತಿ ಗುರಾಣಿ ಹಿಡಿದು ಒಬ್ಬರ ಮೇಲೊಬ್ಬರು ಏರಿಹೋದರು. ಸಂಜೆಗೆ ಹಾಡುತ್ತಾ ಬೀದಿಯಲ್ಲಿ ಮೆರವಣಿಗೆ ಹೊರಟು, ಇದು ಇಪ್ಪತ್ತನೇ ಶತಮಾನದ ವಿರುದ್ಧ ನಮ್ಮ ಪ್ರತಿಭಟನೆ ಎಂದರು. ಆ ಕಾಲದ ಬರ್ಕ್ಲಿಯಲ್ಲಿ ಏನನ್ನಾದರೂ ಪ್ರತಿಭಟಿಸದವರೇ ವಿರಳ. ಮುಂದೊಂದು ಸಲ ಪಾರ್ಕಿನಲ್ಲಿ ಜಾಗ ಕೇಳಲು ಹೋದಾಗ ಸಂಘಕ್ಕೆ ಹೆಸರು ಬೇಕಾಗಿ, ಲೇಖಕಿ ಮರಿಯನ್ ಝಿಮ್ಮರ್ ಬ್ರ್ಯಾಡ್ಲಿ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ' ಎಂಬ ಹೆಸರು ಕೊಟ್ಟರು.

ಆ ಸೊಸೈಟಿ ಈಗ ಅಮೆರಿಕದ ಆಚೆಗೂ ಹರಡಿದೆ. ಭೂಪಟವನ್ನೇ 'ರಾಜ್ಯ'ಗಳಾಗಿ ಹಂಚಿಕೊಂಡಿದೆ. ಪ್ರತಿ ರಾಜ್ಯಕ್ಕೂ ರಾಜ ರಾಣಿಯರಿದ್ದಾರೆ, ಪಂದ್ಯದಲ್ಲಿ ಗೆದ್ದವರಿಗೆ ಕೆಲವು ತಿಂಗಳ ಪಟ್ಟ. 1600ಕ್ಕಿಂತ ಹಿಂದಿನ ಕಲೆ, ಕಸುಬು, ಆಟ, ಅಡುಗೆಗಳನ್ನು ಓದಿ ತಿಳಿಯುವುದು ಸಾಲದು, ಮಾಡಿ ಕಲಿಯಬೇಕು ಎಂಬುದು ಅವರ ಸಿದ್ಧಾಂತ. ಮಧ್ಯಯುಗ ಹೇಗಿತ್ತೋ ಹಾಗಲ್ಲ, ಹೇಗಿರಬೇಕಿತ್ತೋ ಹಾಗೆ ಎಂದು ಅವರೇ ನಗುತ್ತಾ ಹೇಳಿಕೊಳ್ಳುತ್ತಾರೆ. ಪ್ರಾಮಾಣಿಕವಾದ ಮಾತು. ಆದರೆ ಮಾಡಿ ಕಲಿಯುತ್ತೇವೆ ಎನ್ನುವವರ ಬಾಯಲ್ಲಿ 'ಹೇಗಿರಬೇಕಿತ್ತು' ಎಂಬುದು ಬಂದಾಗ, ಕಲಿಸುವವರು ಯಾರು, ತಪ್ಪು ಎನ್ನುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನನ್ನ ತಕರಾರೆಲ್ಲ ಅಲ್ಲಿಂದಲೇ ಶುರು.

ಅವರ ಕಾಳಗವನ್ನೇ ನೋಡಿ. ಮೈಮೇಲಿನ ಕವಚ ಬಹುಮಟ್ಟಿಗೆ ನಿಜವಾದ ಉಕ್ಕಿನದು, ಎಷ್ಟೋ ಸಲ ತೊಟ್ಟವನೇ ಬಡಿದು ಮಾಡಿದ್ದು. ಕತ್ತಿ ಮಾತ್ರ ಬೆತ್ತದ್ದು: ಒಂದೂಕಾಲು ಇಂಚು ದಪ್ಪದ ಬೆತ್ತಕ್ಕೆ ಟೇಪು ಸುತ್ತಿ ಹಿಡಿ ಕಟ್ಟಿದ್ದು. ಅಂಕಣದಲ್ಲಿ ನಿಂತ ಮೇಲ್ವಿಚಾರಕರು ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳುತ್ತಾರೆ. ಏಟು ಬಿತ್ತೋ ಇಲ್ಲವೋ ಎಂದು ತೀರ್ಪು ಕೊಡುವುದು ಏಟು ತಿಂದವನೇ. ಕಾಲಿಗೆ ಬಲವಾದ ಹೊಡೆತ ಬಿದ್ದರೆ ಕಾಲೇ ಹೋಯಿತೆಂದು ಒಪ್ಪಿಕೊಂಡು ಮೊಣಕಾಲೂರಿ ಕಾದುತ್ತಾನೆ. ಈ ಮರ್ಯಾದೆ ನಿಜಕ್ಕೂ ದೊಡ್ಡದು. ಅಂಪೈರನತ್ತ ಕೈಯೆತ್ತಿ ಕಿರುಚುವುದನ್ನೇ ಆಟದ ಭಾಗ ಮಾಡಿಕೊಂಡ ನಮಗಂತೂ ಅಚ್ಚರಿ ಹುಟ್ಟಿಸುವಂಥದು.

ಆದರೆ ಮೊಣಕಾಲಿನ ಕೆಳಗೆ ಹೊಡೆಯುವ ಹಾಗಿಲ್ಲ ಎಂಬ ನಿಯಮ ಇದೆಯಲ್ಲ, ಅದೊಂದೇ ಇಡೀ ಕಾಳಗದ ನಿಲುವನ್ನು ಬದಲಿಸಿಬಿಡುತ್ತದೆ. ಮೀನಖಂಡದ ಚಿಂತೆಯಿಲ್ಲದವನು ಕಾಲನ್ನು ಬೇರೆ ರೀತಿಯಲ್ಲಿ ಇಡುತ್ತಾನೆ, ಗುರಾಣಿಯನ್ನು ಬೇರೆ ಎತ್ತರದಲ್ಲಿ ಹಿಡಿಯುತ್ತಾನೆ. ಬೆತ್ತಕ್ಕೆ ಅಲಗಿಲ್ಲ, ಹಾಗಾಗಿ ಕೊಯ್ತಕ್ಕೂ ಬಡಿತಕ್ಕೂ ಭೇದವಿಲ್ಲ. ಐವತ್ತಕ್ಕೂ ಹೆಚ್ಚು ವರ್ಷಗಳ ಸಾಧನೆಯಿಂದ ಅವರು ಕಂಡುಕೊಂಡದ್ದು ಈ ನಿಯಮಗಳಲ್ಲಿ ಗೆಲ್ಲುವ ಚಾತುರ್ಯವನ್ನು. ಅದು ಸೊಗಸಾದ ಹೊಸ ಕ್ರೀಡೆ. ಹದಿನಾಲ್ಕನೇ ಶತಮಾನದ ವಿದ್ಯೆ ಬೇಕಾದವರು ಬೇರೆ ಕಡೆ ಹೋಗಬೇಕು. ಉದಾಹರಣೆಗೆ, ಹದಿನೈದನೇ ಶತಮಾನದ ಆರಂಭದಲ್ಲಿ ಫಿಯೋರೆ ದೇಯಿ ಲಿಬೇರಿ ಎಂಬ ಇಟಲಿಯ ಗುರು ಬರೆಸಿದ ಕಾಳಗದ ಕೈಪಿಡಿಯನ್ನು ಮುಂದಿಟ್ಟುಕೊಂಡು, ಮೊಂಡು ಉಕ್ಕಿನ ಕತ್ತಿ ಹಿಡಿದು ಚಿತ್ರ ಚಿತ್ರಕ್ಕೂ ಜಗಳವಾಡುವ ಗುಂಪುಗಳಿವೆ. ಅಲ್ಲಿ ಪುಟವೇ ತಕರಾರು ತೆಗೆಯುತ್ತದೆ: ನೀನು ನಿಂತ ಭಂಗಿಯಿಂದ ಮುಂದಿನ ಚಿತ್ರದ ಭಂಗಿಗೆ ಹೋಗಲು ಆಗುವುದಿಲ್ಲ ಎನ್ನುತ್ತದೆ.

ಕುಣಿತದ ವಿಷಯದಲ್ಲಿ ಸೊಸೈಟಿಯ ಅದೃಷ್ಟ ಚೆನ್ನಾಗಿತ್ತು. 1589ರಲ್ಲಿ ಫ್ರಾನ್ಸಿನ ಲಾಂಗ್ರ್‌ ಪಟ್ಟಣದಲ್ಲಿ ಅಚ್ಚಾದ 'ಓರ್ಕೆಸೋಗ್ರಫಿ' ಎಂಬ ಪುಸ್ತಕ ಅವರಿಗೆ ಸಿಕ್ಕಿತ್ತು. ಬರೆದವನು ಜೆಹಾನ್ ತಬೂರೋ ಎಂಬ ವಯಸ್ಸಾದ ಪಾದ್ರಿ; ಹೆಸರಿನ ಅಕ್ಷರಗಳನ್ನು ಕಲಸಿ ತ್ವಾನೋ ಆರ್ಬೋ ಎಂದು ಮಾಡಿಕೊಂಡವನು. ಸ್ವರಲಿಪಿಯನ್ನು ಉದ್ದಕ್ಕೆ ನಿಲ್ಲಿಸಿ, ಪ್ರತಿ ಸ್ವರದ ಎದುರಿಗೆ ಆ ಕ್ಷಣಕ್ಕೆ ಯಾವ ಕಾಲು ಎಲ್ಲಿಗೆ ಎಂದು ಬರೆದಿದ್ದಾನೆ. ಹೆಜ್ಜೆ ತಪ್ಪಿದರೆ ತಾಳವೇ ಹೇಳಿಬಿಡುತ್ತದೆ. ಹಾಗಾಗಿಯೇ ಸೊಸೈಟಿಯ ಕೂಟಗಳಲ್ಲಿ ನೂರಾರು ಜನ ಕೈ ಕೈ ಹಿಡಿದು ಕುಣಿಯುವ ಬ್ರಾನ್ಲ್ ಕುಣಿತಗಳು ಅವರ ಕಾಳಗಕ್ಕಿಂತ ಹೆಚ್ಚು ನಂಬಲರ್ಹ. ಆರ್ಬೋ ಬಂದು ನೋಡಿದರೆ ಗುರುತು ಹಿಡಿದಾನು. ಕೆಲವರ ಮೊಣಕಾಲು ನೋಡಿ ಬೈದಾನು.

ಅಡುಗೆಮನೆಯದು ಇನ್ನೊಂದು ಕತೆ. ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡನ ಬಾಣಸಿಗರು 1390ರ ಸುಮಾರಿಗೆ ಒಟ್ಟುಮಾಡಿದ 'ಫಾರ್ಮ್ ಆಫ್ ಕ್ಯುರಿ' ಎಂಬ ಅಡುಗೆ ಪುಸ್ತಕದಲ್ಲಿ ಅಳತೆಯೂ ಇಲ್ಲ, ಹೊತ್ತೂ ಇಲ್ಲ. ನಮ್ಮ ಅಜ್ಜಿಯರ 'ರುಚಿಗೆ ತಕ್ಕಷ್ಟು' ಅಲ್ಲಿ ಪುಟಪುಟಕ್ಕೂ ಇದೆ. ಬಾದಾಮಿ ಹಾಲು ಎಷ್ಟು ಗಟ್ಟಿ, ಶುಂಠಿ ಎಷ್ಟು ಖಾರ ಎಂಬುದನ್ನು ಬೇಯಿಸಿ ಸುಟ್ಟು ಸೀಯಿಸಿಯೇ ತಿಳಿಯಬೇಕು. ಈ ಕೆಲಸವನ್ನು ವಿಶ್ವವಿದ್ಯಾಲಯಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಮಾಡಿದವರು ಸೊಸೈಟಿಯ ಹವ್ಯಾಸಿಗಳು. ಅವರಲ್ಲಿ ಮುಂಚೂಣಿಯವರು ಡೇವಿಡ್ ಫ್ರೀಡ್‌ಮನ್, ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರ ಮಗ, ತಾವೂ ಅರ್ಥಶಾಸ್ತ್ರಜ್ಞರು. ಸೊಸೈಟಿಯಲ್ಲಿ ಕಾರಿಯಾಡೋಕ್ ಎಂಬ ದೊರೆ. 1972ರಲ್ಲಿ ಶುರುವಾದ, ಈಗ ಹತ್ತು ಸಾವಿರದಷ್ಟು ಜನ ಡೇರೆ ಹಾಕುವ ಪೆನ್ಸಿಕ್ ಯುದ್ಧದ ಮೂಲಪುರುಷರೂ ಅವರೇ. ಒಂದು ರಾಜ್ಯದ ರಾಜನಾಗಿ ಪಕ್ಕದ ರಾಜ್ಯದ ಮೇಲೆ ಯುದ್ಧ ಸಾರಿದರಂತೆ, ಉತ್ತರ ಬರಲಿಲ್ಲವಂತೆ. ಆಮೇಲೆ ಅದೇ ಪಕ್ಕದ ರಾಜ್ಯಕ್ಕೆ ಮನೆ ಬದಲಿಸಿ, ಅಲ್ಲಿಯೂ ರಾಜನಾಗಿ, ತಾವೇ ಸಾರಿದ ಯುದ್ಧವನ್ನು ತಾವೇ ಒಪ್ಪಿಕೊಂಡು ಸೋತರಂತೆ. ಸೋತವರು ಪಿಟ್ಸ್‌ಬರ್ಗ್ ನಗರವನ್ನು ಇಟ್ಟುಕೊಳ್ಳಬೇಕು ಎಂಬುದು ಅಲ್ಲಿಯ ಹಳೆಯ ತಮಾಷೆ.

ಅಂದಹಾಗೆ, ಆ ಅಡುಗೆಗಳನ್ನು ಘಮಘಮಿಸುವಂತೆ ಮಾಡುವ ಕಾಳುಮೆಣಸು ಬಂದದ್ದು ನಮ್ಮ ಕರಾವಳಿಯ ಕಡೆಯಿಂದ. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದದ್ದು. ಕೆಟ್ಟ ಮಾಂಸದ ನಾತ ಮುಚ್ಚಲು ಯುರೋಪಿನವರು ಮಸಾಲೆ ಸುರಿಯುತ್ತಿದ್ದರು ಎಂಬ ಹಳಸಿದ ಕತೆ ಇನ್ನೂ ಓಡಾಡುತ್ತಿದೆ. ಮೆಣಸು ಕೊಳ್ಳುವ ಶಕ್ತಿಯಿದ್ದವನಿಗೆ ಹೊಸ ಮಾಂಸ ಕೊಳ್ಳುವುದು ದೊಡ್ಡದಾಗಿರಲಿಲ್ಲ.

ಮೆಣಸು ಕೊಳ್ಳಬಲ್ಲವರ ಮಾತು ಬಂದಾಗ ಸೊಸೈಟಿಯ ಒಂದು ಕೊರತೆ ಎದ್ದು ಕಾಣುತ್ತದೆ. ಸೊಸೈಟಿಯಲ್ಲಿ ಸೇರಿದವರೆಲ್ಲ ಹುಟ್ಟಿನಿಂದಲೇ ಗೌರವಸ್ಥರು, ಸಾಧನೆ ಮಾಡಿದಂತೆ ಬಿರುದು ಏರುತ್ತದೆ. ಜೀತದಾಳಾಗಲು ಯಾರೂ ಮುಂದೆ ಬರುವುದಿಲ್ಲ. ಬಿಡುವಿನ ದಿನ ಕೈಯಿಂದ ದುಡ್ಡು ಹಾಕಿ ಆಡುವ ಆಟದಲ್ಲಿ ಜೀತವನ್ನು ಯಾರು ಬಯಸುತ್ತಾರೆ, ನಿಜ. ಪ್ಲೇಗೂ ಬೇಡ. ಆದರೆ ಕಸುಬು ಕಲಿಯುತ್ತೇವೆ ಎಂದು ಹೊರಟವರಿಗೆ ಇದು ತೊಡಕಾಗುತ್ತದೆ. ಏಕೆಂದರೆ ಆ ಕಾಲದ ಕಸುಬು ಇದ್ದದ್ದು ಬಿರುದಿಲ್ಲದವರ ಕೈಯಲ್ಲಿ. ಒಬ್ಬ ಸದಸ್ಯೆ ವರ್ಷಗಟ್ಟಲೆ ಕೂತು ಅಂಗೈಯಗಲದ ಪಟ್ಟಿ ನೇಯುತ್ತಾಳೆ. ಕಲೆ ಮತ್ತು ವಿಜ್ಞಾನದ ಸ್ಪರ್ಧೆಗೆ ಅದನ್ನು ಆಧಾರಗಳ ಸಮೇತ ಒಪ್ಪಿಸುತ್ತಾಳೆ. ಕೆಲಸ ಅದ್ಭುತ, ಆಧಾರ ಪಕ್ಕಾ. ಇಷ್ಟಾದರೂ ಅದು ದಿನಕ್ಕಿಷ್ಟು ಮೊಳ ನೇಯದಿದ್ದರೆ ಒಲೆ ಹೊತ್ತದ ಮನೆಯ ನೇಯ್ಗೆ ಆಗುವುದಿಲ್ಲ. ವೇಗವೂ ಕಸುಬಿನ ಭಾಗ. ಇನ್ನೂ ಒಂದು: ಸ್ಪರ್ಧೆಯ ಮೇಜಿನ ಮೇಲೆ ಬರುವುದು ಗೆದ್ದ ವಸ್ತು. ಅದಕ್ಕೆ ಮುಂಚೆ ಹಾಳಾದ ಹತ್ತು ವಸ್ತುಗಳು ಮನೆಯ ಕಸದಬುಟ್ಟಿಯಲ್ಲೇ ಉಳಿಯುತ್ತವೆ. ಕಲಿತದ್ದೆಲ್ಲ ಇದ್ದದ್ದು ಅವುಗಳಲ್ಲಿ.

ಹಾಳಾದದ್ದನ್ನು ಜೋಪಾನ ಮಾಡಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾರೆ. ಇತಿಹಾಸಕಾರ್ತಿ ಪಮೇಲಾ ಸ್ಮಿತ್ 2014ರಲ್ಲಿ ಶುರುಮಾಡಿದ ಯೋಜನೆ ಹಿಡಿದುಕೊಂಡದ್ದು ಒಂದೇ ಒಂದು ಹಸ್ತಪ್ರತಿಯನ್ನು. ಹದಿನಾರನೇ ಶತಮಾನದ ಕೊನೆಗೆ ತುಲೂಸ್ ಕಡೆಯ ಹೆಸರು ಗೊತ್ತಿಲ್ಲದ ಕಸುಬುದಾರನೊಬ್ಬ ಬರೆದದ್ದು, ಈಗ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವುದು. ಬಣ್ಣ, ಎರಕ, ಹಲ್ಲಿ ಹಾವುಗಳನ್ನು ಬೆಳ್ಳಿಯಲ್ಲಿ ಅಚ್ಚೊತ್ತುವುದು, ಹೀಗೆ ಒಂಬೈನೂರಕ್ಕೂ ಹೆಚ್ಚು ವಿಧಾನಗಳು ಅದರಲ್ಲಿವೆ. ಒಂದು ವಿಧಾನದ ಪ್ರಕಾರ, ಒಲೆಯಿಂದ ಆಗ ತಾನೇ ತೆಗೆದ ಬ್ರೆಡ್ಡಿನ ತಿರುಳಿಗೆ ಒಂದು ಪದಕವನ್ನು ಒತ್ತಿದರೆ ಅಚ್ಚು ಸಿದ್ಧ. ಒಣಗಿದ ಮೇಲೆ ಕರಗಿದ ಗಂಧಕವನ್ನೋ ಮೇಣವನ್ನೋ ಸುರಿಯಬಹುದು. ಓದಿದರೆ ಎರಡು ಸಾಲಿನ ಮಾತು. ಮಾಡಲು ಕೂತ ವಿದ್ಯಾರ್ಥಿಗಳಿಗೆ ಮೊದಲ ಪ್ರಶ್ನೆ: ಯಾವ ಬ್ರೆಡ್ಡು? ಅಂಗಡಿಯ ಬ್ರೆಡ್ಡಿನ ತಿರುಳು ಆ ಕಾಲದ್ದಲ್ಲ. ಹಿಟ್ಟು ಹುಳಿ ಬರಿಸಿ, ಸಾಕಿ, ಹಳೆಯ ಕ್ರಮದಲ್ಲಿ ಸುಟ್ಟು ನೋಡಬೇಕಾಯಿತು. ಅಚ್ಚು ಒಣಗುತ್ತಾ ಕುಗ್ಗುತ್ತದೆ. ಅದನ್ನೇ ಬಳಸಿಕೊಂಡು ದೊಡ್ಡದನ್ನು ಚಿಕ್ಕದು ಮಾಡಬಹುದೆಂದು ಕಸುಬುದಾರ ಬರೆದಿದ್ದಾನೆ. ದೋಷದಂತೆ ಕಂಡದ್ದು ಅವನಿಗೆ ಉಪಾಯ. 2020ರಲ್ಲಿ ಹಸ್ತಪ್ರತಿಯ ಡಿಜಿಟಲ್ ಆವೃತ್ತಿ ಹೊರಬಂದಾಗ ಅದರ ಜತೆಗೆ ಈ ಪ್ರಯೋಗಗಳ ಮೇಲಿನ ಪ್ರಬಂಧಗಳೂ ಬಂದವು, ಎಲ್ಲಿ ಎಡವಿದೆವು ಎಂಬುದರ ಸಮೇತ. ಸೊಸೈಟಿಯ ತೀರ್ಪುಗಾರರು ಅದನ್ನು ಓದಬೇಕು.

ಪ್ರಯೋಗಾಲಯದ ಕೆಲಸ ಬ್ರೆಡ್ಡಿನ ತುಂಡಿನಷ್ಟು ಚಿಕ್ಕದು. ಇಡೀ ಕೋಟೆಯನ್ನೇ ಹೀಗೆ ಕಟ್ಟಿ ಕಲಿಯುವ ಜಾಗ ಫ್ರಾನ್ಸಿನ ಬರ್ಗಂಡಿಯ ಗೆಡೆಲೋನ್. ಹತ್ತಿರದ ಸೇಂಟ್-ಫಾರ್ಜೋ ಕೋಟೆಯನ್ನು ಉಳಿಸಿದ ಮಿಷೆಲ್ ಗಿಯೋ, ಮರಿಲಿನ್ ಮಾರ್ತ್ಯಾಂ ಮೊದಲಾದವರೊಂದಿಗೆ ಸೇರಿ 1997ರಲ್ಲಿ ಒಂದು ಹಳೆಯ ಕಲ್ಲುಕ್ವಾರಿಯಲ್ಲಿ ಕೆಲಸ ಶುರುಮಾಡಿದರು. ನಕ್ಷೆ ದೊರೆ ಫಿಲಿಪ್ ಆಗಸ್ಟಸನ ಕಾಲದ ಕೋಟೆಗಳ ಮಾದರಿಯದು, ಕೋಟೆಯ ಒಡೆಯ ಕಲ್ಪಿತ. ಕಲ್ಲು, ಓಕ್ ಮರ, ಜೇಡಿಮಣ್ಣು, ನೀರು ಎಲ್ಲ ಸುತ್ತಲಲ್ಲೇ. ಹದಿಮೂರು ಗಂಟಿನ ಹಗ್ಗ ಹಿಡಿದು ಮೂರು, ನಾಲ್ಕು, ಐದು ಅಂತರದ ತ್ರಿಕೋನ ಎಳೆದು ಮೂಲೆಮಟ್ಟ ನೋಡುತ್ತಾರೆ. ನಮ್ಮ ಮೇಸ್ತ್ರಿಗಳು ಟೇಪಿನಲ್ಲಿ ಪಾಯದ ಮೂಲೆ ಹಿಡಿಯುವುದೂ ಇದೇ ಲೆಕ್ಕದಿಂದ. ಭಾರ ಎತ್ತಲು ಆಳೆತ್ತರದ ಮರದ ಚಕ್ರ, ಅದರೊಳಗೆ ಮನುಷ್ಯರು ನಡೆಯುತ್ತಾರೆ, ಹಗ್ಗ ಸುತ್ತಿಕೊಳ್ಳುತ್ತದೆ.

ಅಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಗೋಪುರಕ್ಕಿಂತ ಕುಲುಮೆ. ಆ ಕ್ವಾರಿಯ ಕಬ್ಬಿಣದಂಶದ ಮರಳುಗಲ್ಲು ಗಡಸು, ಚಾಣದ ಮೊನೆ ಬೇಗ ಮೊಂಡಾಗುತ್ತದೆ. ಕಮ್ಮಾರ ಹಗಲಿಡೀ ಕಾಯಿಸಿ ಬಡಿದು ಹದ ಹಾಕಿ ವಾಪಸು ಕೊಡುತ್ತಲೇ ಇರಬೇಕು. ಅವನು ನಿಂತರೆ ಕಲ್ಲುಕುಟಿಗರೂ ನಿಲ್ಲುತ್ತಾರೆ, ಕಲ್ಲಿಲ್ಲದೆ ಗೋಡೆಯೂ ನಿಲ್ಲುತ್ತದೆ. ಕೋಟೆಯ ಚರಿತ್ರೆ ಬರೆದವರು ಒಡೆಯನ ಹೆಸರು ಬರೆದರು, ಎಲ್ಲೋ ಒಮ್ಮೊಮ್ಮೆ ಶಿಲ್ಪಿಯದನ್ನೂ ಬರೆದರು. ಕಟ್ಟಡದ ವೇಗ ಹೀಗೆ ಒಬ್ಬ ಕಮ್ಮಾರನ ತೋಳಿಗೆ ಕಟ್ಟುಬಿದ್ದಿತ್ತು ಎಂಬುದನ್ನು ಓದಿ ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ಸುಣ್ಣದ ಗಾರೆಯೂ ಅಷ್ಟೇ ಹಟಮಾರಿ. ಹಿಮ ಬಿದ್ದರೆ ಅದು ಗಟ್ಟಿಯಾಗುವ ಮೊದಲೇ ಹಾಳು. ಮಧ್ಯಯುಗದವರು ಚಳಿಗಾಲಕ್ಕೆ ಅರ್ಧ ಎದ್ದ ಗೋಡೆಯ ನೆತ್ತಿಗೆ ಹುಲ್ಲು, ಗೊಬ್ಬರ ಹೊದಿಸಿ ಕೆಲಸ ನಿಲ್ಲಿಸುತ್ತಿದ್ದರು. ಗೆಡೆಲೋನ್ ಕೂಡ ಚಳಿಗಾಲದಲ್ಲಿ ಬಾಗಿಲು ಹಾಕುತ್ತದೆ. ಪ್ರವಾಸಿಗರ ಋತುವೂ ಸುಣ್ಣದ ಋತುವೂ ಕೂಡಿಬಂದದ್ದು ಅವರ ಪುಣ್ಯ.

ಪ್ರವಾಸಿಗರೇ ಅದರ ಬಲ, ಅವರೇ ಅದರ ದೋಷ. ವರ್ಷಕ್ಕೆ ಮೂರು ಲಕ್ಷದಷ್ಟು ಜನ ಬರುತ್ತಾರೆ, ಅವರ ಟಿಕೆಟ್ ಹಣದಿಂದಲೇ ಕೆಲಸಗಾರರಿಗೆ ಸಂಬಳ. ಹಾಗಾಗಿ ಕಲ್ಲುಕುಟಿಗ ಸುತ್ತಿಗೆ ಕೆಳಗಿಟ್ಟು ಮಕ್ಕಳ ಪ್ರಶ್ನೆಗೆ ಉತ್ತರ ಹೇಳಬೇಕು, ದಿನಕ್ಕೆ ಎಷ್ಟೋ ಸಲ. ಇಪ್ಪತ್ತೈದು ವರ್ಷ ದಾಟಿಯೂ ಕೋಟೆ ಮುಗಿಯದಿರುವುದಕ್ಕೆ ಇದೂ ಒಂದು ಕಾರಣ. ಒಂದು ಗೋಪುರಕ್ಕೆ ಎಷ್ಟು ಆಳು, ಎಷ್ಟು ದಿನ ಎಂಬ ಲೆಕ್ಕಕ್ಕೆ ಗೆಡೆಲೋನನ್ನು ಸಾಕ್ಷಿ ಕರೆಯುವ ಹಾಗಿಲ್ಲ. ಚಕ್ರಕ್ಕೆ ಬ್ರೇಕುಗಳಿವೆ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ. ಇವು ಇರಲೇಬೇಕು, ಆ ಕಾಲದ ಸಾವುಗಳನ್ನು ಮತ್ತೆ ಮಾಡಿ ಕಲಿಯಬೇಕಾದದ್ದು ಏನೂ ಇಲ್ಲ. ಹೆಲ್ಮೆಟ್ಟಿನ ಕೆಳಗಿನ ನಾರಿನ ಅಂಗಿ ಮಾತ್ರ ಯಾರಿಗೂ ಏನನ್ನೂ ಕಲಿಸುವುದಿಲ್ಲ, ಅದು ಕ್ಯಾಮೆರಾಕ್ಕೆ.

2019ರ ಏಪ್ರಿಲ್ 15ರಂದು ಪ್ಯಾರಿಸಿನ ನೋತ್ರದಾಮ್ ಚರ್ಚಿನ ಚಾವಣಿ ಸುಟ್ಟುಹೋಯಿತು. ಹದಿಮೂರನೇ ಶತಮಾನದ ಓಕ್ ತೊಲೆಗಳ ಆ ಕಾಡಿನಂಥ ಚೌಕಟ್ಟನ್ನು ಬೆಂಕಿಗೆ ಕೆಲವು ವರ್ಷ ಮುಂಚೆ ರೆಮಿ ಫ್ರೋಮಾಂ ಮತ್ತು ಸೆಡ್ರಿಕ್ ತ್ರಾಂತ್‌ಸೋ ಎಂಬ ವಾಸ್ತುಶಿಲ್ಪಿಗಳು ತೊಲೆ ತೊಲೆಯಾಗಿ ಅಳೆದಿಟ್ಟಿದ್ದರು. ಕಾಂಕ್ರೀಟು, ಉಕ್ಕು, ಗಾಜು ಎಂದೆಲ್ಲ ಸಲಹೆಗಳು ಬಂದವು. ಹಸಿ ಓಕನ್ನು ಕೊಡಲಿಯಲ್ಲಿ ಕೆತ್ತಿ ತೊಲೆ ಮಾಡಬಲ್ಲವರು ಈಗೆಲ್ಲಿದ್ದಾರೆ ಎಂಬುದು ಒಂದು ದೊಡ್ಡ ವಾದ. ಇದ್ದರು. ಅವರಲ್ಲಿ ಕೆಲವರು ಗೆಡೆಲೋನಿನಲ್ಲಿ ಕೈ ಪಳಗಿಸಿಕೊಂಡವರು. ಸಭಾಂಗಣ ಮತ್ತು ಗರ್ಭಭಾಗದ ಮೇಲಿನ ಚೌಕಟ್ಟು ಕೊಡಲಿಯಲ್ಲೇ ಕೆತ್ತಿ ಎದ್ದಿತು, 2024ರ ಡಿಸೆಂಬರಿನಲ್ಲಿ ಚರ್ಚಿನ ಬಾಗಿಲು ತೆರೆಯಿತು. ಅಲ್ಲಿ ಗಡುವಿತ್ತು, ಪ್ರಶ್ನೆ ಕೇಳುವ ಮಕ್ಕಳಿರಲಿಲ್ಲ, ನಾರಿನ ಅಂಗಿಯೂ ಇರಲಿಲ್ಲ. ಅದನ್ನು ನೋಡಿ, ವೇಷವಿಲ್ಲದೆಯೇ ಆಗುತ್ತಿತ್ತಲ್ಲ ಎಂದು ಸೊಸೈಟಿಯವರನ್ನೂ ಗೆಡೆಲೋನಿನವರನ್ನೂ ಛೇಡಿಸಬಹುದು. ಆದರೆ ಬೇಡಿಕೆಯೇ ಇಲ್ಲದ ಆ ಕೊಡಲಿ ಕೆಲಸಕ್ಕೆ ಇಪ್ಪತ್ತು ವರ್ಷ ಸಂಬಳ ಕೊಟ್ಟದ್ದು ಟಿಕೆಟ್ ಕೊಂಡ ಜನ, ಅವರಲ್ಲಿ ಬಹಳಷ್ಟು ಮಂದಿ ಬಂದದ್ದು ವೇಷ ನೋಡಲು.