‘ಖಾಲಿ’ ಎಂಬ ವರ್ಗ: ಶಾಲೆ ಬಿಟ್ಟ ಯುವಜನ ಮತ್ತು ಜಾನಪದ ಅಧ್ಯಯನದ ಮಿತಿ

ಕನ್ನಡ ಜಾನಪದ ಅಧ್ಯಯನವು ದುಡಿಮೆಯ ಬಗೆಗೆ ವಿಪುಲವಾಗಿ ಬರೆದಿದೆ. ದುಡಿಮೆ ದೊರೆಯದ ಸ್ಥಿತಿಯ ಬಗೆಗೆ ಬರೆದದ್ದು ತೀರ ಕಡಿಮೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ (1931) ಪ್ರಕಟವಾದ ಮೇಲೆ ಬಂದ ಸಂಕಲನಗಳಲ್ಲಿ ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ, ರಾಶಿಯ ಪದ ಎಂದು ಕೆಲಸದ ಹೆಸರಿನಿಂದಲೇ ಹಾಡುಗಳನ್ನು ವಿಂಗಡಿಸುವ ಕ್ರಮ ರೂಢಿಯಾಯಿತು. ಸಂಗ್ರಹಕಾರರಿಗೆ ಇದು ಅನುಕೂಲಕರವಾಗಿದ್ದುದು ನಿಜ. ಆದರೆ ಪ್ರತಿಯೊಂದು ಕೈಗೂ ಒಂದು ಕೆಲಸ ಗೊತ್ತಾಗಿದೆ ಎಂಬ ಗ್ರಹಿಕೆ ಅದರೊಳಗೆ ಅಡಗಿದೆ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ ಊರ ಕಟ್ಟೆಯ ಮೇಲೆ ಕುಳಿತ ಹುಡುಗನಿಗೆ ಈ ವಿಂಗಡಣೆಯಲ್ಲಿ ಜಾಗವಿಲ್ಲ.

ಆಡುಮಾತಿನಲ್ಲಿ ಅವನಿಗೆ ಜಾಗವಿದೆ. ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯಲ್ಲಿ ಅಂಥವನನ್ನು ‘ಖಾಲಿ ಅದಾನ’ ಎನ್ನುತ್ತಾರೆ. ಕೈಯಲ್ಲಿ ಕೆಲಸವಿಲ್ಲ ಎಂಬಷ್ಟೇ ಇದರ ಅರ್ಥವಲ್ಲ. ಎರಡು ದಿನ ತೊಗರಿ ಕೊಯ್ಯಲು ಕೂಲಿಗೆ ಹೋದವನೂ ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂಡುವವನೂ ಖಾಲಿಯೇ. ಕೂಲಿ ಬೇರೆ, ದುಡಿಮೆ ಬೇರೆ, ನೌಕರಿ ಬೇರೆ. ತಿಂಗಳ ಪಗಾರವಿದ್ದರೆ ಮಾತ್ರ ನೌಕರಿ. ‘ಸಾಲಿ’ ಕಲಿಸಿದ್ದು ನೌಕರಿಗಾಗಿ ಎಂದಾದ ಮೇಲೆ, ಅದು ದೊರೆಯುವವರೆಗೆ ಮಾಡಿದ ಉಳಿದ ಕೆಲಸವನ್ನು ಊರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸರ್ಕಾರಿ ಲೆಕ್ಕ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. 2017ರಲ್ಲಿ ಆರಂಭವಾದ ಆವರ್ತಕ ಶ್ರಮಬಲ ಸಮೀಕ್ಷೆಯ ವಾರದ ಮಾನದಂಡದಂತೆ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೊಂದು ದಿನ ಒಂದು ಗಂಟೆ ದುಡಿದವನೂ ಉದ್ಯೋಗಸ್ಥನೇ. ತೊಗರಿ ಕೊಯ್ದ ಅದೇ ಹುಡುಗ ಊರಿನ ಕಣ್ಣಿಗೆ ಖಾಲಿ, ಸಮೀಕ್ಷೆಯ ಕಣ್ಣಿಗೆ ಉದ್ಯೋಗಿ. ಇವುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎನ್ನುವುದು ಆತುರದ ಮಾತಾದೀತು. ಸಮೀಕ್ಷೆ ಕೆಲಸವನ್ನು ಎಣಿಸುತ್ತದೆ. ಊರಿನ ಮಾತು ನಿರೀಕ್ಷೆಯನ್ನು ಎಣಿಸುತ್ತದೆ. ಈ ಎರಡನೆಯ ಎಣಿಕೆಯನ್ನು ವಿವರಿಸಬೇಕಾದ ಶಾಸ್ತ್ರ ಜಾನಪದವೇ ಆಗಿತ್ತು.

ಹುಡುಗಿಯ ವಿಷಯದಲ್ಲಿ ಊರೂ ಸಮೀಕ್ಷೆಯೂ ಒಂದಾಗುವುದು ಗಮನಾರ್ಹ. ಹುಡುಗ ‘ಸಾಲಿ ಬಿಟ್ಟಾನ’. ಹುಡುಗಿಯನ್ನು ‘ಸಾಲಿ ಬಿಡಿಸ್ಯಾರ’. ಕ್ರಿಯಾಪದದ ಪ್ರೇರಣಾರ್ಥಕ ರೂಪವೊಂದೇ ನಿರ್ಧಾರ ಯಾರದೆಂಬುದನ್ನು ತಿಳಿಸುತ್ತದೆ. ಅನಂತರ ಅವಳು ‘ಮನ್ಯಾಗ ಅದಾಳ’; ಅವಳನ್ನು ಖಾಲಿ ಎನ್ನುವವರು ವಿರಳ. ನೀರು, ರೊಟ್ಟಿ, ತಮ್ಮ ತಂಗಿಯರ ಪಾಲನೆಗಳಲ್ಲಿ ತೊಡಗಿದ ಅವಳನ್ನು ಸಮೀಕ್ಷೆ ಮನೆಗೆಲಸದವರ ಸಾಲಿಗೆ ಸೇರಿಸಿ ಶ್ರಮಬಲದಿಂದಲೇ ಹೊರಗಿಡುತ್ತದೆ. ಹೀಗಾಗಿ ಅವಳು ನಿರುದ್ಯೋಗಿಯೂ ಅಲ್ಲ.

ಸಂಶೋಧಕರು ಸುಲಭವಾಗಿ ಬಳಸುವ ಇನ್ನೊಂದು ಪದ ‘ಗುಳೆ’. ಬರ, ದಂಡು, ರೋಗಗಳಿಗೆ ಅಂಜಿ ಸಂಸಾರ ಸಮೇತ ಊರು ತೊರೆಯುವುದನ್ನು ಸೂಚಿಸುವ ಈ ಪದವನ್ನು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಒಬ್ಬಂಟಿಯಾಗಿ ಹೊರಡುವ ಓದಿದ ಯುವಕನಿಗೂ ಅನ್ವಯಿಸಿದಾಗ, ಅವನ ಶಾಲೆಯ ಹತ್ತು ವರ್ಷಗಳು ಅಳಿಸಿಹೋಗುತ್ತವೆ. ಕಾರಣ ಮಳೆಯ ಮೇಲೆ ಬೀಳುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸುರಪುರ, ಶಹಾಪುರಗಳ ಕಡೆಯಿಂದಲೂ ಜನ ದುಡಿಯಲು ಹೋಗುತ್ತಾರೆಂಬುದನ್ನು ಬರದ ವಿವರಣೆ ಒಳಗೊಳ್ಳಲಾರದು. ‘ದುಡಿಯಾಕ ಹೋಗ್ಯಾನ’ ಎಂಬ ಅವರದೇ ನುಡಿ ಹೆಚ್ಚು ನಿಖರವಾದುದು.

ಪ್ರಾದೇಶಿಕ ಅಸಮತೋಲನದ ಚಿತ್ರ ಹೊಸದೇನಲ್ಲ. 2002ರ ನಂಜುಂಡಪ್ಪ ಸಮಿತಿ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿ ಶಿಕ್ಷಣ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲು ಕಲ್ಪಿಸಲು ದಾರಿ ಮಾಡಿತು. ಆದರೆ ಆ ಹುದ್ದೆಗಳ ಬಾಗಿಲು ಅಂಕಪಟ್ಟಿ ಇದ್ದವರಿಗೆ ತೆರೆಯುವಂಥದು. 2024ರ ಜನವರಿಯಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆಯೂ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಎಂದು ಗೊತ್ತುಪಡಿಸಿತು. ಹತ್ತರಲ್ಲಿ ಮುಗ್ಗರಿಸಿದವನು ಅಲ್ಲಿ ನಿರುದ್ಯೋಗಿ ಎನಿಸಿಕೊಳ್ಳಲೂ ಅರ್ಹನಲ್ಲ. ಊರು ಕೊಟ್ಟ ‘ಖಾಲಿ’ ಎಂಬ ಹೆಸರೊಂದೇ ಅವನಿಗೆ ಉಳಿಯುತ್ತದೆ.

ಕ್ಷೇತ್ರಕಾರ್ಯಕ್ಕೆ ಇದರಿಂದ ಒದಗುವ ಹೊಣೆ ಚಿಕ್ಕದಲ್ಲ. ಈ ಭಾಗದ ಮೊಹರಂ ಆಚರಣೆಯನ್ನೇ ತೆಗೆದುಕೊಳ್ಳಬಹುದು. ಅಲಾಯಿ ಕುಣಿತದಲ್ಲೂ ರಿವಾಯತ್ ಮೇಳಗಳಲ್ಲೂ ಹೊರ ಊರುಗಳಿಂದ ಬಂದ ಯುವಕರು ಕಾಣುತ್ತಾರೆ. ಈ ಹಬ್ಬ ಚಾಂದ್ರಮಾನದ್ದಾದುದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ: 2009ರಲ್ಲಿ ಜನವರಿಯ ತೊಗರಿ ಕೊಯ್ಲಿನ ಹೊತ್ತಿಗೆ ಬಂದುದು 2025ರಲ್ಲಿ ಜುಲೈನ ಬಿತ್ತನೆಯ ದಿನಗಳಲ್ಲಿ ಬಂದಿತು. ಹಬ್ಬ ಬದಲಾಗದಿದ್ದರೂ ಹೊಲದ ಕೆಲಸ ಬದಲಾಗಿದೆ; ಯಾರು ಊರಿನಲ್ಲಿದ್ದರು, ಯಾರು ಮೇಸ್ತ್ರಿಯನ್ನು ಕೇಳಿ ರಜೆ ಪಡೆದು ಬಂದರು ಎಂಬುದೂ ಬದಲಾಗಿರಬೇಕು. ಹಾಡಿನ ಪಾಠದ ಕೆಳಗೆ ಹಾಡಿದವರ ಹೆಸರು, ಜಾತಿ, ವಯಸ್ಸು ಬರೆಯುವ ಕ್ರಮವಿದೆ. ಎಷ್ಟನೆಯ ತರಗತಿಗೆ ಶಾಲೆ ಬಿಟ್ಟರು, ಹಬ್ಬಕ್ಕೆ ಎಲ್ಲಿಂದ ಬಂದರು, ಮರಳಿ ಎಲ್ಲಿಗೆ ಹೋಗುವರು ಎಂಬ ಮೂರು ವಿವರಗಳನ್ನು ಅದರ ಪಕ್ಕದಲ್ಲಿ ಸೇರಿಸಲು ಹೊಸ ಸಿದ್ಧಾಂತವೇನೂ ಬೇಕಾಗಿಲ್ಲ.