ಎಸಿ ರಿಪೇರಿ ಚೀಟಿಗೊಂದು ವ್ಯಾಖ್ಯಾನ

ಮೇ ತಿಂಗಳ ಸೆಕೆ, ಮಂಗಳೂರಿನ ಒಂದು ಫ್ಲ್ಯಾಟು. ಗೋಡೆಯ ಮೇಲಿನ ಎಸಿಗೆ ಐಸು ಕಟ್ಟಿತ್ತು. ಅದನ್ನು ನೋಡಿದ ಮೆಕ್ಯಾನಿಕ್ ಬರೆದಿಟ್ಟು ಹೋದ ಚೀಟಿ ಇದು. ಸಾಲುಗಳು ಮೊಟಕು, ವಿಷಯ ಮೊಟಕಲ್ಲ.

“ಕಾಯಿಲ್ ಫುಲ್ ಐಸ್. ಗಾಳಿ ಬರ್ತಿಲ್ಲ.”

ಕಾಯಿಲ್ ಎಂದರೆ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಸುತ್ತಿ ಬರುವ ತಾಮ್ರದ ಕೊಳವೆ. ಅದರೊಳಗೆ ಗ್ಯಾಸು ದ್ರವರೂಪದಲ್ಲಿ ಬಂದು, ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದ ಎಳೆದುಕೊಳ್ಳುತ್ತದೆ. ಎಲ್ಲ ಸರಿಯಿದ್ದಾಗ ಕಾಯಿಲ್‌ನ ತಾಪ 5ರಿಂದ 10 ಡಿಗ್ರಿಯ ಆಸುಪಾಸು. ಗಾಳಿಯ ತೇವ ಅದರ ಮೇಲೆ ನೀರಾಗಿ ಇಳಿದು ಹೊರಗೆ ಹರಿಯುತ್ತದೆ. ತಾಪ ಸೊನ್ನೆಗಿಂತ ಕೆಳಗಿಳಿದರೆ ಅದೇ ನೀರು ಹೆಪ್ಪುಗಟ್ಟುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವೇ? ಐಸು ಕಂಡವರು ‘ಭಾರೀ ಕೂಲಿಂಗ್’ ಎಂದು ಹಿಗ್ಗುವುದುಂಟು. ನಿಜಸ್ಥಿತಿ ತಿರುಗಾಮುರುಗಾ: ಕೋಣೆಯ ಶಾಖ ಗ್ಯಾಸಿಗೆ ತಲುಪುತ್ತಿಲ್ಲ, ಅದಕ್ಕೇ ಕಾಯಿಲ್ ಅಷ್ಟು ತಣ್ಣಗಾಗಿದೆ.

“ಫಿಲ್ಟರ್ ಬ್ಲಾಕ್. ಬ್ಲೋವರ್‌ನಲ್ಲೂ ಧೂಳು.”

ಇಲ್ಲಿದೆ ಕಾರಣ. ಜಾಲರಿ ಮುಚ್ಚಿಕೊಂಡರೆ ಕಾಯಿಲ್ ಮೇಲೆ ಹಾಯುವ ಗಾಳಿ ತಗ್ಗುತ್ತದೆ, ಒಳಗಿನ ದ್ರವ ಕುದಿಯಲು ಶಾಖ ಸಾಲದು, ಒತ್ತಡ ಇಳಿಯುತ್ತದೆ. ಒತ್ತಡ ಇಳಿದಷ್ಟೂ ಗ್ಯಾಸು ಕುದಿಯುವ ತಾಪವೂ ಇಳಿಯುತ್ತದೆ. ಈಗಿನ ಹಲವು ಎಸಿಗಳಲ್ಲಿರುವ ಆರ್-32 ಎಂಬ ಗ್ಯಾಸಿನ ಲೆಕ್ಕ ಹೇಳುವುದಾದರೆ, ಒತ್ತಡ ಅಳೆಯುವ ಗೇಜ್ ಸುಮಾರು 103 ಪಿಎಸ್‌ಐಗಿಂತ ಕೆಳಗೆ ಬಂತೆಂದರೆ ಕಾಯಿಲ್ ಸೊನ್ನೆ ದಾಟಿತು. ಮೊದಲ ಪದರ ಕಟ್ಟಿದ ಮೇಲೆ ಅದು ಕಾಯಿಲ್‌ಗೆ ಕಂಬಳಿ ಹೊದಿಸಿದ ಹಾಗೆ. ಶಾಖ ಇನ್ನೂ ಕಡಿಮೆ, ಐಸು ಇನ್ನೂ ಹೆಚ್ಚು.

“ದಪ್ಪ ಪೈಪಿನ ತನಕ ಐಸ್.”

ಚೀಟಿಯ ಜಾಣ ಸಾಲು ಇದೇ. ಹೊರಗಿನ ಯೂನಿಟ್ಟಿನಿಂದ ಒಳಗೆ ಬರುವುದು ಸಣ್ಣ ಪೈಪು, ಆವಿಯನ್ನು ವಾಪಸು ಒಯ್ಯುವುದು ದಪ್ಪ ಪೈಪು. ಗ್ಯಾಸು ಸೋರಿ ಕಡಿಮೆಯಾಗಿದ್ದರೆ ಐಸು ಶುರುವಾಗುವುದು ಸಣ್ಣ ಪೈಪಿನ ತುದಿಯಲ್ಲಿ, ಕಾಯಿಲ್‌ನ ಒಂದು ಮೂಲೆಯಲ್ಲಿ. ಇದ್ದಷ್ಟು ದ್ರವ ಅಲ್ಲೇ ಕುದಿದು ಮುಗಿಯುವುದರಿಂದ ದಪ್ಪ ಪೈಪು ತಣ್ಣಗಿರುವುದಿಲ್ಲ. ಗಾಳಿಯೇ ಸಾಲದಿದ್ದರೆ ಕುದಿಯದೆ ಉಳಿದ ದ್ರವ ದಪ್ಪ ಪೈಪಿಗೂ ನುಗ್ಗಿ ಅಲ್ಲೂ ಐಸು ಕಟ್ಟಿಸುತ್ತದೆ. ಆವಿಗಾಗಿಯೇ ಮಾಡಿದ ಕಂಪ್ರೆಸರ್‌ಗೆ ಆ ದ್ರವ ಹೋದರೆ ಅದರ ಆಯಸ್ಸು ಮುಗಿದಂತೆ. ಒಂದು ಎಚ್ಚರ: ಗ್ಯಾಸು ಕಡಿಮೆಯಿರುವ ಎಸಿಯನ್ನೂ ದಿನಗಟ್ಟಲೆ ಹಾಗೇ ಓಡಿಸಿದರೆ ಐಸು ಎಲ್ಲೆಡೆ ಹಬ್ಬುತ್ತದೆ. ಆಗ ಪೈಪು ನೋಡಿ ತೀರ್ಪು ಕೊಡಲಾಗದು.

“ಫ್ಯಾನ್ ಮೋಡ್‌ನಲ್ಲಿ ಕರಗಿಸಿದೆ. ಚಾಕು ಹಾಕಬೇಡಿ.”

ಐಸು ಕೆರೆಯಲು ಚಾಕು ಹಾಕಿದರೆ ರೆಕ್ಕೆ ಮಡಚುತ್ತದೆ, ತಾಮ್ರ ತೂತಾಗುತ್ತದೆ. ಕರಗುವಾಗ ಟ್ರೇ ತುಂಬಿ ಹಾಸಿಗೆಯ ಮೇಲೆ ನೀರು ಬೀಳಬಹುದು, ಕೆಳಗೊಂದು ಬಕೆಟ್ ಇರಲಿ.

“ಆಮೇಲೆ ಗೇಜ್ ಹಾಕಿದೆ. ಗ್ಯಾಸ್ ಸರಿ ಇದೆ. ಹಾಕಿಲ್ಲ.”

‘ಆಮೇಲೆ’ ಎಂಬುದನ್ನು ಗಮನಿಸಿ. ಐಸು ಕಟ್ಟಿರುವಾಗ ಗೇಜ್ ಹಾಕಿದರೆ ಗ್ಯಾಸು ಪೂರ್ತಿಯಿದ್ದರೂ ಒತ್ತಡ ಕಡಿಮೆಯೇ ಕಾಣುತ್ತದೆ. ಅವಸರದ ಮೆಕ್ಯಾನಿಕ್ ಅದನ್ನು ನಂಬಿ ಗ್ಯಾಸು ತುಂಬುತ್ತಾನೆ, ಬಿಲ್ಲೂ ಬರೆಯುತ್ತಾನೆ. ಐಸು ಕರಗಿದ ಮೇಲೆ ಗ್ಯಾಸು ಹೆಚ್ಚಾದ ಇನ್ನೊಂದು ತೊಂದರೆ ಗಂಟುಬೀಳುತ್ತದೆ. ಗ್ಯಾಸು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತಿರುತ್ತದೆ. ವರ್ಷವರ್ಷವೂ ತುಂಬಿಸಿಕೊಳ್ಳುವ ಮನೆಯಲ್ಲಿ ಎಲ್ಲೋ ಸೋರಿಕೆಯಿದೆ. ಮೊದಲು ನೋಡಬೇಕಾದದ್ದು ಪೈಪು ಕೂಡುವ ಫ್ಲೇರ್ ನಟ್ಟುಗಳನ್ನು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ಹುಡುಕದೆ ಸಿಲಿಂಡರ್ ತೆರೆಯುವವನಿಗೆ ನಾನಂತೂ ದುಡ್ಡು ಕೊಡುವುದಿಲ್ಲ.