ಡಬ್ಬಿಯೊಳಗಿನ ಮಿದುಳು

ಒಂದು ಬೆಟ್ಟ. ಬೆಟ್ಟದ ಮೇಲಿನ ಜನರ ತಲೆ ಮಣೆಯ ಹಾಗೆ ಚಪ್ಪಟೆ, ಒಳಗೆ ಮಿದುಳಿಗೆ ಜಾಗವಿಲ್ಲ. ಕನಿಕರಪಟ್ಟ ಯಕ್ಷಿಣಿಯರ ರಾಣಿ ತಲೆಗೊಂದರಂತೆ ಡಬ್ಬಿಯಲ್ಲಿ ಮಿದುಳು ತುಂಬಿ ಕೊಟ್ಟು ಹೋಗುತ್ತಾಳೆ. ಜನ ಅದನ್ನು ಜೇಬಲ್ಲಿಟ್ಟುಕೊಂಡು ಓಡಾಡ್ತಾರೆ. ಅಲ್ಲಿನ ಸರ್ವಾಧಿಕಾರಿ ಏನು ಮಾಡ್ತಾನೆ? ಎದುರು ನಿಂತವರ ಡಬ್ಬಿ ಕಿತ್ತುಕೊಂಡು ತನ್ನ ಹತ್ತಿರ ಪೇರಿಸಿಕೊಳ್ತಾನೆ. ವರ್ಷಕ್ಕೊಮ್ಮೆ ಚುನಾವಣೆಯೂ ಉಂಟು. ಆದರೆ ಓಟು ಎಣಿಸುವವನು ಅವನೇ, ಹಾಗಂತ ಕಾನೂನು ಮಾಡಿದವನೂ ಅವನೇ.

ಇದು ಅಮೆರಿಕದ ಎಲ್. ಫ್ರಾಂಕ್ ಬಾಮ್ ಬರೆದ ‘ಗ್ಲಿಂಡಾ ಆಫ್ ಓಜ್’ ಕಾದಂಬರಿಯ ಕಥೆ. ೧೯೦೦ರಲ್ಲಿ ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಓಜ್’ ಬರೆದು ಮಕ್ಕಳ ಮನಸ್ಸು ಗೆದ್ದವನು ಈತ. ೧೯೧೯ರ ಮೇ ತಿಂಗಳಲ್ಲಿ ತೀರಿಕೊಂಡ. ಓಜ್ ಸರಣಿಗೆ ಆತ ಬರೆದ ಹದಿನಾಲ್ಕನೆಯ, ಕೊನೆಯ ಪುಸ್ತಕವಾದ ಇದು ಅಚ್ಚಾಗಿದ್ದು ಸತ್ತ ಮರುವರ್ಷ, ೧೯೨೦ರಲ್ಲಿ.

ಓದುತ್ತಾ ನಾವು ಎದ್ದು ಕೂತೆವು. ಅಕ್ಷರ ಕೆಲವೇ ಮನೆಗಳ ಗಂಟಾಗಿದ್ದ ನಾಡಿನವರು ನಾವು. ನಮ್ಮ ಅಪ್ಪ ಅವ್ವಂದಿರ ಡಬ್ಬಿ ಯಾರ ಅಟ್ಟದ ಮೇಲಿತ್ತು ಅಂತ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ದಡ್ಡ ಅನ್ನಿಸಿಕೊಂಡವನು ದಡ್ಡನಲ್ಲ, ಅವನದ್ದು ಕಳವಾಗಿದೆ ಅನ್ನುವ ಮಾತನ್ನು ಇಷ್ಟು ಸಲೀಸಾಗಿ, ನಗಿಸುತ್ತಾ ಹೇಳಿದ ಮಕ್ಕಳ ಪುಸ್ತಕ ನಾವು ಬೇರೆ ಓದಿಲ್ಲ. ಬೆಟ್ಟದ ಕೆಳಗಿನ ಸರೋವರದ ಕಥೆಯೂ ಅಂಥದ್ದೇ. ಅಲ್ಲಿ ಸ್ಕೀಜರ್ ಅನ್ನುವ ಜನ ಗಾಜಿನ ಗುಮ್ಮಟದ ದ್ವೀಪದಲ್ಲಿ ಇದ್ದಾರೆ. ಸರೋವರದ ಮೀನೆಲ್ಲ ನಮ್ಮದು, ಚಪ್ಪಟೆತಲೆಯವರು ಮುಟ್ಟಕೂಡದು ಅನ್ನುತ್ತಾಳೆ ಅವರ ರಾಣಿ. ಅವಳ ದ್ವೀಪ ಮುಳುಗುವುದು, ಏಳುವುದು ಕದ್ದ ವಿದ್ಯೆಯಿಂದ. ಅದನ್ನು ನಡೆಸುವ ಮಂತ್ರ ಯಾವುದು ಗೊತ್ತಾ? ಅವಳದೇ ಹೆಸರಿನ ಮೂರು ತುಂಡು. ದೊರೆಗಳ ಮಂತ್ರ ಎಷ್ಟು ಬಡವಾಗಿರುತ್ತೆ ನೋಡಿ.

ಇಷ್ಟೆಲ್ಲ ಕಂಡವನು ಬಾಮ್. ಆದರೆ ಇದೇ ಕೈ ಇನ್ನೊಂದು ಬರಹವನ್ನೂ ಬರೆದಿದೆ.

೧೮೯೦ರಲ್ಲಿ ಆತ ದಕ್ಷಿಣ ಡಕೋಟಾದ ಅಬರ್ಡೀನ್ ಊರಲ್ಲಿ ‘ಸ್ಯಾಟರ್ಡೇ ಪಯೊನಿಯರ್’ ಅನ್ನುವ ವಾರಪತ್ರಿಕೆ ನಡೆಸ್ತಿದ್ದ. ಡಿಸೆಂಬರ್ ೧೫ರಂದು ಲಕೋಟಾ ಜನರ ನಾಯಕ ಸಿಟ್ಟಿಂಗ್ ಬುಲ್‌ನ ಕೊಲೆಯಾಯಿತು. ಐದು ದಿನ ಕಳೆದು ಬಾಮ್ ಸಂಪಾದಕೀಯ ಬರೆದ: ಬಿಳಿಯರ ಗಡಿಊರುಗಳಿಗೆ ಕ್ಷೇಮ ಬೇಕಾದರೆ ಉಳಿದಿರುವ ಇಂಡಿಯನ್ನರನ್ನು ನಿರ್ನಾಮ ಮಾಡುವುದೇ ದಾರಿ ಅಂತ. ಡಿಸೆಂಬರ್ ೨೯ರಂದು ವೂಂಡೆಡ್ ನೀ ಹಳ್ಳದ ಬಳಿ ಸೈನಿಕರು ೨೫೦ಕ್ಕೂ ಹೆಚ್ಚು ಲಕೋಟಾ ಜನರನ್ನು ಕೊಂದರು. ಹೆಂಗಸರು ಮಕ್ಕಳೇ ಬಹಳ. ಜನವರಿ ೩ರ ಸಂಚಿಕೆಯಲ್ಲಿ ಆತ ಅದೇ ಮಾತನ್ನು ಮತ್ತೆ ಬರೆದ. ಶತಮಾನಗಳಿಂದ ಇವರಿಗೆ ಅನ್ಯಾಯ ಮಾಡಿದ್ದೇವೆ, ಇನ್ನೂ ಒಂದು ಮಾಡಿ ಅಳಿಸಿಬಿಡೋಣ ಅನ್ನುವ ಧಾಟಿ. ಅನ್ಯಾಯ ಅಂತ ಗೊತ್ತಿದ್ದೇ ಬರೆದದ್ದು ಸ್ವಾಮಿ!

ಆ ಕಾಲವೇ ಹಾಗಿತ್ತು ಅನ್ನುವ ಪಂಡಿತರು ಇದ್ದಾರೆ. ಈ ಮಾತು ನಮ್ಮ ಕಿವಿಗೆ ಹೊಸದಲ್ಲ. ಬಾಮ್‌ನ ಹೆಂಡತಿಯ ತಾಯಿ ಮಟಿಲ್ಡಾ ಜಾಸ್ಲಿನ್ ಗೇಜ್ ಯಾವ ಕಾಲದವಳು ಹಾಗಾದರೆ? ಹೆಣ್ಣಿನ ಓಟಿಗಾಗಿ ಹೋರಾಡಿದ ಆಕೆ ೧೮೭೮ರಲ್ಲೇ ತನ್ನ ಪತ್ರಿಕೆಯಲ್ಲಿ ಮೂಲನಿವಾಸಿಗಳ ಒಪ್ಪಂದದ ಹಕ್ಕುಗಳ ಪರವಾಗಿ ಬರೆದಳು. ೧೮೯೩ರಲ್ಲಿ ಮೊಹಾಕ್ ಜನ ಆಕೆಯನ್ನು ತಮ್ಮ ತೋಳದ ಬಳಿಗೆ ಸೇರಿಸಿಕೊಂಡರು. ಒಂದೇ ಮನೆ, ಒಂದೇ ಕಾಲ.

ಈಗ ಕಾದಂಬರಿಗೆ ಬರೋಣ. ಚಪ್ಪಟೆತಲೆಯವರು, ಅಂದರೆ ಫ್ಲ್ಯಾಟ್‌ಹೆಡ್. ಈ ಹೆಸರು ಕಲ್ಪನೆಯಲ್ಲಿ ಹುಟ್ಟಿದ್ದಲ್ಲ. ಮೊಂಟಾನಾದ ಸೇಲಿಶ್ ಜನಕ್ಕೆ ಬಿಳಿಯರು ಅಂಟಿಸಿದ ಹೆಸರು ಅದು. ಅವರ ತಲೆಯೇನೂ ಚಪ್ಪಟೆಯಲ್ಲ. ಅಲ್ಲಿಯೂ ಒಂದು ಸರೋವರ ಉಂಟು, ಅದರ ಹೆಸರೂ ಫ್ಲ್ಯಾಟ್‌ಹೆಡ್. ೧೮೫೫ರ ಒಪ್ಪಂದದಲ್ಲಿ ಅದರ ದಕ್ಷಿಣದ ಅರ್ಧವನ್ನೂ ಮೀನು ಹಿಡಿಯುವ ಹಕ್ಕನ್ನೂ ಆ ಜನಕ್ಕೆ ಬಿಟ್ಟುಕೊಟ್ಟಿದ್ದರು. ೧೯೧೦ರಲ್ಲಿ, ಬೇಡವೆಂದರೂ ಕೇಳದೆ, ಅವರ ಮೀಸಲು ನೆಲವನ್ನು ಬಿಳಿಯ ಒಕ್ಕಲುಗಳಿಗೆ ತೆರೆದರು. ಹತ್ತು ವರ್ಷ ಕಳೆದು ಈ ಕಾದಂಬರಿ ಬಂತು.

ಕಾದಂಬರಿಯಲ್ಲಿ ಓಜ್ ದೊರೆಸಾನಿ ಓಜ್ಮಾ ಯುದ್ಧ ತಡೆಯಲು ಹೋಗುತ್ತಾಳೆ. ನೀವೆಲ್ಲ ನನ್ನ ಪ್ರಜೆಗಳು ಅನ್ನುತ್ತಾಳೆ. ಎರಡೂ ಕಡೆಯ ಒಡೆಯರು, ನಿನ್ನ ಹೆಸರೇ ಕೇಳಿಲ್ಲವಲ್ಲ ಅನ್ನುತ್ತಾರೆ. ಅರಮನೆಯ ದಾಖಲೆ ಪುಸ್ತಕದಲ್ಲಿ ಮಾತ್ರ ಅವರ ಸುದ್ದಿಯೆಲ್ಲ ಇದೆ! ಬಾಮ್‌ಗೆ ಇದು ತಮಾಷೆ. ನಮಗೆ ಇಲ್ಲಿಯೇ ಕಾಲು ಎಡವುತ್ತದೆ. ಯಾಕೆಂದರೆ ಕೊನೆಗೆ ನ್ಯಾಯ ಹೇಗೆ ಬರುತ್ತೆ ನೋಡಿ. ಕದ್ದ ಡಬ್ಬಿಗಳು ಅವರವರಿಗೆ ಮರಳುತ್ತವೆ. ಅದು ಸರಿ. ಕತೆ ಅಲ್ಲಿಗೆ ನಿಲ್ಲಬಹುದಿತ್ತು. ನಿಲ್ಲುವುದಿಲ್ಲ. ಮಂತ್ರವಿದ್ಯೆಯವರು ಅವರ ತಲೆಯನ್ನೇ ಬೇರೆಯವರ ತಲೆಯ ಹಾಗೆ ಗುಂಡಗೆ ಮಾಡಿ ಮಿದುಳನ್ನು ಒಳಗೆ ಕೂರಿಸುತ್ತಾರೆ. ಹೆಸರನ್ನೂ ಬದಲಾಯಿಸಿ ‘ಬೆಟ್ಟದವರು’ ಅಂತ ಇಡುತ್ತಾರೆ.

ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಯಲ್ಲಿ ೧೮೭೯ರಿಂದ ೧೯೧೮ರವರೆಗೆ ನಡೆದದ್ದು ಇದೇ. ಮೂಲನಿವಾಸಿ ಮಕ್ಕಳ ಜುಟ್ಟು ಕತ್ತರಿಸಿ, ಇಂಗ್ಲಿಷ್ ಹೆಸರಿಟ್ಟು, ಮನುಷ್ಯರನ್ನಾಗಿ ಮಾಡಿದೆವು ಅಂದುಕೊಂಡರು. ೧೮೯೦ರ ಬಾಮ್ ಅಳಿಸಿಬಿಡಿ ಅಂದ. ಕೊನೆಯ ಪುಸ್ತಕದ ಬಾಮ್ ತಿದ್ದಿಬಿಡಿ ಅನ್ನುತ್ತಾನೆ. ಆತ ಮೆತ್ತಗಾಗಿದ್ದಾನೆ, ಒಪ್ಪಿಕೊಳ್ಳೋಣ. ಆದರೆ ಚಪ್ಪಟೆತಲೆಯವನು ಚಪ್ಪಟೆತಲೆಯಿಂದಲೇ ಯೋಚಿಸಬಲ್ಲ, ಡಬ್ಬಿ ಅವನ ಕೈಯಲ್ಲಿದ್ದರೆ ಸಾಕು ಅನ್ನುವಷ್ಟು ದೂರ ಆತನ ಕಲ್ಪನೆ ನಡೆಯಲಿಲ್ಲ.

ಪುಸ್ತಕವನ್ನು ಸುಡಿ ಅಂತ ನಾವು ಹೇಳ್ತಾ ಇಲ್ಲ. ಹಳ್ಳಿಶಾಲೆಯ ಮೇಷ್ಟ್ರುಗಳು ಡಬ್ಬಿಯ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು, ಓಟು ಎಣಿಸುವವನ ಕಥೆಯನ್ನಂತೂ ಎರಡು ಸಲ ಹೇಳಬೇಕು. ತಲೆ ಗುಂಡಗಾಗುವ ಪುಟ ಬಂದಾಗ ಸ್ವಲ್ಪ ನಿಲ್ಲಿಸಿ, ಇದು ಬೇಕಿತ್ತೇನ್ರೋ ಅಂತ ಕೇಳಲಿ. ಏಳನೇ ಕ್ಲಾಸಿನ ಮಕ್ಕಳಿಗೆ ಅಬರ್ಡೀನಿನ ಪತ್ರಿಕೆಯ ವಿಷಯವನ್ನೂ ಹೇಳಬಹುದು. ೨೦೦೬ರಲ್ಲಿ ಬಾಮ್‌ನ ವಂಶದ ಇಬ್ಬರು ಆ ಸಂಪಾದಕೀಯಗಳಿಗಾಗಿ ಸೂ ಜನರ ಎದುರು ಕ್ಷಮೆ ಕೇಳಿದರು ಅನ್ನುವುದನ್ನೂ ಸೇರಿಸಲಿ.